ನಾನು ಮಜಬೂತಾಗಿ ಕಟ್ಟಿದ ಮೊಟ್ಟೆ

ಬೀದರಿನ ಕೊಳಾರದಲ್ಲಿರುವ ಒಂದು ಗೋದಾಮಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಪ್ಯಾಕಿಂಗ್ ಕೆಲಸದವನು. ನಾನು ಕಟ್ಟಿ ಕಳಿಸಿದ ಗಾಜಿನ ಸಾಮಾನು ಎಲ್ಲಿಗೇ ಹೋಗಲಿ, ಬಿರುಕು ಬಿಟ್ಟಿದೆಯೆಂಬ ದೂರು ಬಂದದ್ದಿಲ್ಲ. ಆದ್ದರಿಂದ ಒಂಬತ್ತನೇ ತರಗತಿಯ ನನ್ನ ಮಗಳು ಸುಜಾತಾ ಬಂದು ಹೇಳಿದ್ದನ್ನು ಕೇಳಿ ನನಗೆ ನಗು ಬಂತು.

"ಪಪ್ಪಾ, ಫಿಸಿಕ್ಸ್ ಪ್ರಾಜೆಕ್ಟ್ ಅದ. ಹಸಿ ತತ್ತಿ ಸಾಲಿ ಮಾಳಗಿ ಮ್ಯಾಲಿಂದ ಬೀಳಿಸ್ಬೇಕು, ಒಡಿಬಾರ್ದು. ಎರಡು ನಿಮಿಷದಾಗ ಬಿಚ್ಚಿ ಸರ್‌ಗೆ ತೋರಿಸ್ಬೇಕು. ಗೆದ್ದವ್ರಿಗಿ ಭಾಲ್ಕಿ ವಿಜ್ಞಾನ ಮೇಳಕ್ಕ ಕರ್ಕೊಂಡು ಹೋಗ್ತಾರ."

ಒಂದು ಮೊಟ್ಟೆ! ನನ್ನಂಥವನಿಗೆ!

ಸುಜಾತಾ ಈವರೆಗೆ ಯಾವುದಕ್ಕೂ ಆಯ್ಕೆಯಾದವಳಲ್ಲ. ಓಟದಲ್ಲಿ ನಾಲ್ಕನೆಯವಳು, ನಾಟಕದಲ್ಲಿ ಪರದೆ ಎಳೆಯುವವಳು. ಭಾಲ್ಕಿಗೆ ಹೋಗುವ ದಿನ ಯಾವ ರಿಬ್ಬನ್ ಕಟ್ಟಿಕೊಳ್ಳಬೇಕೆಂದು ಆಗಲೇ ತೆಗೆದಿಟ್ಟಿದ್ದಳು. ಅವಳ ಹತ್ತಿರ ಉಪಾಯವೂ ಇತ್ತು. ಚಿಂತಾಕಿಯಲ್ಲಿರುವ ನನ್ನ ಅವ್ವ ಕೋಳಿ ಸಾಕಿದ್ದಾಳೆ. ಮೊಟ್ಟೆಗಳನ್ನು ಬಟ್ಟೆ ಚೀಲದೊಳಗೆ ತೊಗರಿ ಹೊಟ್ಟಿನಲ್ಲಿ ಹೂತು, ಬಾಯಿಗೆ ಒಂದು ಗಂಟು ಹಾಕಿ, ಬಸ್ಸಿನಲ್ಲಿ ಬರುವ ಪರಿಚಯದವರ ಕೈಗೆ ಕೊಟ್ಟು ಕಳಿಸುತ್ತಾಳೆ. ಔರಾದ್ ದಾಟಿ ಬೀದರಿನವರೆಗೆ ಅಷ್ಟು ತಗ್ಗು ದಿನ್ನೆ ಹಾರಿ ಬಂದರೂ ಒಂದೂ ಒಡೆದಿರುವುದಿಲ್ಲ.

"ಆಯಿ ಕಟ್ಟಿದಂಗೇ ಕಟ್ಟತೇನಿ ಪಪ್ಪಾ."

"ಹೊಟ್ಟು ದನಕ್ಕ ಹಾಕೋದು. ಫಿಕರ್ ಮಾಡಬ್ಯಾಡ, ನಾ ಇದ್ದೇನಿ" ಎಂದೆ.

ಅವಳು ಸುಮ್ಮನಾದಳು. ಅದನ್ನು ನಾನು ಸಮ್ಮತಿ ಎಂದು ದಾಖಲಿಸಿಕೊಂಡೆ.

ಮೊದಲ ಪ್ರಯೋಗಕ್ಕೆ ಮೊಟ್ಟೆಗೆ ಒಂದೇ ಸುತ್ತು ಸ್ಪಂಜು ಸುತ್ತಿ ಮನೆಯ ಮಾಳಿಗೆಯಿಂದ ಬಿಟ್ಟೆ. ಗಾಳಿ ಅದನ್ನು ಪಕ್ಕದ ಮನೆಯ ನರಸಿಂಗ ಕಾಕಾ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಇಳಿಸಿತು.

"ಏನ್ರಿ ಇದು? ಮುಗಿಲಿಂದ ತತ್ತಿ ಬೀಳ್ಲಕತ್ತಾವಲ್ಲ!" ಎಂದು ಕಾಕಾ ಕೂಗಿದರು.

"ವಿಜ್ಞಾನ ಅದರಿ ಕಾಕಾ!" ಎಂದೆ. ಅವರು ನಂಬಲಿಲ್ಲ. ಮೆಣಸಿನಕಾಯಿ ತೊಳೆದು ಮತ್ತೆ ಒಣಹಾಕುವ ಕೆಲಸ ನನ್ನ ಹೆಂಡತಿ ಸುನಂದಾಳ ಪಾಲಿಗೆ ಬಂತು.

"ಹುಡುಗಿ ಪ್ರಾಜೆಕ್ಟೋ ನಿಮ್ದೋ?" ಎಂದು ಅವಳು ಕೇಳಿದಳು. ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತ ಕೂತರೆ ಕೆಲಸ ಸಾಗುವುದಿಲ್ಲ.

ಎರಡನೇ ಮೊಟ್ಟೆಗೆ ನನ್ನ ಇಪ್ಪತ್ತೆರಡು ವರ್ಷಗಳ ವಿದ್ಯೆಯನ್ನೆಲ್ಲ ಧಾರೆಯೆರೆದೆ. ಸ್ಪಂಜು, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್, ಅದರ ಮೇಲೆ ಥರ್ಮಾಕೋಲ್, ಅದರ ಮೇಲೆ ರಟ್ಟಿನ ಡಬ್ಬ, ಡಬ್ಬಕ್ಕೆ ಮೂರು ಸುತ್ತು ಟೇಪು, ಟೇಪಿನ ಮೇಲೆ ಪ್ಲಾಸ್ಟಿಕ್ ಪಟ್ಟಿ. ಕೊನೆಗೆ 'ಜೋಪಾನ' ಎಂಬ ಚೀಟಿಯನ್ನೂ ಅಂಟಿಸಿದೆ. ಸುಜಾತಾ ಡಬ್ಬವನ್ನು ತಿರುಗಿಸಿ ನೋಡಿದಳು.

"ಪಪ್ಪಾ, ಇದು ಬಿಚ್ಚೋದು ಹ್ಯಾಂಗ?"

ನಿಜ ಹೇಳುತ್ತೇನೆ, ಆ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. ಗೋದಾಮಿನಲ್ಲಿ ನಾವು ಕಟ್ಟುವವರು. ಬಿಚ್ಚುವವರು ಬೇರೆ ಊರಿನಲ್ಲಿರುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಟ್ಟಿದ್ದನ್ನು ನಾನೇ ಬಿಚ್ಚಿ ನೋಡಿದ್ದು ಒಮ್ಮೆಯೂ ಇಲ್ಲ.

ಶನಿವಾರ ಶಾಲೆಯ ಅಂಗಳದಲ್ಲಿ ಪಾಲಕರೂ ಸೇರಿದ್ದರು. ಮಾಳಿಗೆಯಿಂದ ಡಬ್ಬ ಬಿತ್ತು, ಪುಟಿಯಿತು, ನಿಂತಿತು. ವಿಜ್ಞಾನದ ಸರ್ ಅದನ್ನು ಎತ್ತಿ ಅಲ್ಲಾಡಿಸಿ, ಕಿವಿಗೆ ಹಿಡಿದು, "ಒಡದಂಗ ಇಲ್ಲ, ಶಾಬಾಸ್!" ಎಂದರು. ಚಪ್ಪಾಳೆ! ಸುಜಾತಾ ನನ್ನ ಕಡೆ ನೋಡಿ ನಕ್ಕಳು. ಆ ನಗುವಿನ ಹೊತ್ತಿಗೇ ಎಲ್ಲ ಮುಗಿದುಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

"ಈಗ ಬಿಚ್ಚವಾ, ಎರಡು ನಿಮಿಷ" ಎಂದರು ಸರ್, ಗಡಿಯಾರ ನೋಡುತ್ತ.

ಅವಳು ಉಗುರಿನಿಂದ ಟೇಪು ಕೆದರಿದಳು. ಬರಲಿಲ್ಲ. ಪಟ್ಟಿ ಎಳೆದಳು. ಜಗ್ಗಲಿಲ್ಲ. ಒಂದು ನಿಮಿಷ ಕಳೆಯಿತು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ನುಗ್ಗಿದೆ.

"ಪಪ್ಪಾ ಬ್ಯಾಡ, ನಾ ಬಿಚ್ಚತೇನಿ!"

ಯಾರು ಕೇಳುತ್ತಾರೆ? ಜವಾನ ಶಾಲೆಯ ಆಫೀಸಿನಿಂದ ತಂದ ಕತ್ತರಿ ಕಸಿದುಕೊಂಡು ಡಬ್ಬವನ್ನು ಮೊಣಕಾಲಿನ ನಡುವೆ ಅಮುಕಿ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಚುಚ್ಚಿದೆ. ಪಟ್ಟಿ ಹರಿಯಿತು. ಟೇಪು ಹರಿಯಿತು. ಕತ್ತರಿ ಅಲ್ಲಿಗೇ ನಿಲ್ಲಲಿಲ್ಲ.

ಹಳದಿ ಲೋಳೆ 'ಜೋಪಾನ' ಚೀಟಿಯ ಮೇಲಿಂದ ನಿಧಾನವಾಗಿ ಇಳಿಯಿತು.

"ಬಿದ್ದು ಒಡೀಲಿಲ್ರಿ" ಎಂದರು ಸರ್, ಬೇಸರದಿಂದಲೇ. "ಬಿಚ್ಚಿ ಒಡೀತು. ಏನ್ ಮಾಡ್ಲಿ, ನಿಯಮ ನಿಯಮಾನೇ."

ಭಾಲ್ಕಿಗೆ ಆಯ್ಕೆಯಾದವಳು ಸುಜಾತಾಳ ಬೆಂಚಿನ ಗೆಳತಿ. ಅವಳು ತಂದಿದ್ದು ಒಂದು ಬಟ್ಟೆ ಚೀಲ. ಗಂಟು ಬಿಚ್ಚಿ, ತೊಗರಿ ಹೊಟ್ಟಿನೊಳಗೆ ಕೈ ಹಾಕಿ, ಮೊಟ್ಟೆಯನ್ನು ಎತ್ತಿ ತೋರಿಸಿದಳು. ಆ ಉಪಾಯ ಅವಳಿಗೆ ಹೇಳಿಕೊಟ್ಟವರು ಯಾರೆಂದು ನಾನು ಮಗಳನ್ನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಸುಜಾತಾ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಹಗುರಾಗುತ್ತಿತ್ತು.

ಸೋಮವಾರ ಪ್ರಾಜೆಕ್ಟ್ ವರದಿ ಕೊಡಬೇಕಿತ್ತು. ಅವಳು ಅದನ್ನು ನನ್ನ ಮುಂದಿಟ್ಟಳು. 'ಮೊಟ್ಟೆ ಒಡೆಯಲು ಕಾರಣ' ಎಂಬಲ್ಲಿ 'ಅತಿಯಾದ ಬಾಹ್ಯ ಬಲ' ಎಂದು ಬರೆದಿತ್ತು. ಅದರ ಕೆಳಗೆ ರಬ್ಬರಿನಿಂದ ಉಜ್ಜಿದ ಗುರುತು. ಬೆಳಕಿಗೆ ಹಿಡಿದು ನೋಡಿದೆ. ಮೊದಲು ಬರೆದು ಅಳಿಸಿದ ಪದ ಇನ್ನೂ ಕಾಣುತ್ತಿತ್ತು: 'ಪಪ್ಪಾ'.

ಪುಟದ ಕೊನೆಯಲ್ಲಿ, ಮೇಲಿನ ವಿವರಗಳೆಲ್ಲ ಸತ್ಯವೆಂದು ಪಾಲಕರ ಸಹಿ ಬೇಕಿತ್ತು.

ಮಾಡಿದೆ.