ಅಧ್ಯಕ್ಷರ ಕೋಟೂ ದರ್ಜಿಯ ಚಿನ್ನವೂ

ದೇಶಕ್ಕೆ ಹೊಸ ಅಧ್ಯಕ್ಷರು ಬಂದ ದಿನ ದರ್ಜಿ ಒಂದು ಘನ ನಿರ್ಧಾರ ಕೈಗೊಂಡ. ಇನ್ನು ಮುಂದೆ ಕಾಗದದ ದುಡ್ಡನ್ನು ನಂಬುವುದಿಲ್ಲ, ಕೂಡಿಟ್ಟ ಗಂಟನ್ನೆಲ್ಲ ಚಿನ್ನ ಮಾಡಿಡುವುದೇ ಸೈ! ಕಾರಣ ರಾಜಕೀಯವಲ್ಲ, ಹೊಲಿಗೆ. ಪ್ರಮಾಣವಚನದ ವೇಳೆ ಅಧ್ಯಕ್ಷರು ತೊಟ್ಟಿದ್ದು ಅಗಲ ಕಾಲರಿನ, ದಪ್ಪ ಹೆಗಲಿನ ಕೋಟು. ಆ ಮಾದರಿಯನ್ನು ಜನ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

"ಅಳತೆ ಗೊತ್ತಿಲ್ಲದ ಮನುಷ್ಯ. ಇವನ ಕೈಗೆ ಖಜಾನೆ ಕೊಟ್ಟರೆ ನೋಟಲ್ಲಿ ಪೊಟ್ಟಣ ಕಟ್ಟಬೇಕಾಗತ್ತೆ, ನೋಡ್ತಿರು," ಎಂದು ಪಕ್ಕದಂಗಡಿಯ ಭಾಮೈದನಿಗೆ ಹೇಳಿದ.

ಭಾಮೈದ ಗಡಿಯಾರ ರಿಪೇರಿಯವನು. ಕಣ್ಣಿಗೆ ಸಿಕ್ಕಿಸಿದ ಮಸೂರವನ್ನು ತೆಗೆಯದೆಯೇ, "ಒಳ್ಳೇ ಕಾಲ ಬರತ್ತೆ ಭಾವ. ನಿಮಗೆ ಎಲ್ಲದರಲ್ಲೂ ಅನುಮಾನ. ಅಕ್ಕ ಇದ್ದಿದ್ದರೆ ನಿಮ್ಮ ಬಾಯಿ ಮುಚ್ಚಿಸ್ತಿದ್ದಳು," ಎಂದ.

ಅಕ್ಕ ಇರಲಿಲ್ಲ. ಅವಳು ತೀರಿಕೊಂಡ ಮೇಲೆ ಮುಚ್ಚಿಸುವವರು ಯಾರೂ ಇಲ್ಲದೆ ದರ್ಜಿಯ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತ ಬಂದಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಉಂಡು, ಒಂದೇ ತಟ್ಟೆ ತೊಳೆದಿಟ್ಟು ಮಲಗುತ್ತಿದ್ದ.

ಚಿನ್ನದ ಬಿಸ್ಕತ್ತು ಮನೆಗೆ ಬಂತು, ನಿದ್ದೆ ಮನೆ ಬಿಟ್ಟು ಹೋಯಿತು. ಹಾಸಿಗೆಯ ಕೆಳಗಿಟ್ಟರೆ ಬೆನ್ನಿಗೆ ಒತ್ತುತ್ತದೆ. ಹಿಟ್ಟಿನ ಡಬ್ಬಿಯಲ್ಲಿಡೋಣವೆಂದರೆ ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ. ಕೊನೆಗೆ ಒಂದು ಮಹೋಪಾಯ ಹೊಳೆಯಿತು. ಅಂಗಡಿಯ ಗಾಜಿನ ಹಿಂದೆ ನಿಂತಿದ್ದ ಗೊಂಬೆಯ ಮೈಮೇಲೆ ಹಳೆಯ ಕೋಟೊಂದಿತ್ತು, ಅದೇ ಅಗಲ ಕಾಲರಿನದು. ಇಷ್ಟು ವರ್ಷದಲ್ಲಿ ಅದರ ಬೆಲೆಯನ್ನು ಕೂಡ ಯಾರೂ ಕೇಳಿರಲಿಲ್ಲ. ಅದರ ಎಡ ಹೆಗಲಿನ ಹೊಲಿಗೆ ಬಿಚ್ಚಿ, ಹತ್ತಿಯ ನಡುವೆ ಬಿಸ್ಕತ್ತನ್ನು ಮಲಗಿಸಿ ಮತ್ತೆ ಹೊಲಿದ. ಎಂಥ ತಲೆ! ಆದರೆ ಆ ತಲೆಯನ್ನು ಹೊಗಳಲು ಯಾರೂ ಇರಲಿಲ್ಲ. ಭಾಮೈದನಿಗೆ ಹೇಳಿದರೆ ಊರಿಗೆಲ್ಲ ಡಂಗುರ. ಗೊಂಬೆಯ ಬೆನ್ನು ತಟ್ಟಿ, "ನಿನಗೊಬ್ಬನಿಗೇ ಗೊತ್ತು ಕಣಯ್ಯಾ," ಎಂದು ಹೇಳಿ ತೃಪ್ತಿಪಟ್ಟ.

ಅಧ್ಯಕ್ಷರು ತೊಟ್ಟ ಕೋಟನ್ನು ಊರೂ ತೊಡುತ್ತದೆ ಎಂಬುದು ಮಾತ್ರ ಈ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯನ್ನು ಭಾಮೈದನಿಗೆ ಒಪ್ಪಿಸಿ ಯಾರದೋ ಮನೆಗೆ ಅಳತೆಗೆಂದು ಹೋಗಿ ಬರುವಷ್ಟರಲ್ಲಿ ಗೊಂಬೆ ಬರಿಮೈಯಲ್ಲಿ ನಿಂತಿತ್ತು.

"ನಿಮ್ಮ ಹಳೇ ಕೋಟು ಮಾರಿಬಿಟ್ಟೆ ಭಾವ. ಒಳ್ಳೇ ಕಾಲ ಬರತ್ತೆ ಅಂತ ನಾನು ಅಂದಿರಲಿಲ್ವಾ?"

"ಯಾರಿಗೆ ಮಾರಿದೆ?"

"ಯಾರೋ."

"ಮುಖ ಹೇಗಿತ್ತು?"

"ಮುಖ ಯಾರು ನೋಡ್ತಾರೆ? ಕೈಗಡಿಯಾರ ನೋಡಿದೆ. ಸ್ವಲ್ಪ ನಿಧಾನ ಓಡ್ತಿತ್ತು."

ದರ್ಜಿ ಬೆಂಚಿನ ಮೇಲೆ ಕುಸಿದು, ಇದ್ದದ್ದನ್ನೆಲ್ಲ ಬಾಯಿಬಿಟ್ಟ. ಭಾಮೈದನ ಮಸೂರ ಕಣ್ಣಿಂದ ಜಾರಿ ಬಿತ್ತು.

ಮಾರನೆಯ ದಿನ ದರ್ಜಿ ಬೀದಿಗಿಳಿದರೆ ಎಲ್ಲಿ ನೋಡಿದರೂ ಅಗಲ ಕಾಲರು. ಪರೀಕ್ಷೆಗೆ ಇದ್ದದ್ದು ಒಂದೇ ದಾರಿ, "ಹೇಗಿದ್ದೀರಿ?" ಎಂದು ಎಡ ಹೆಗಲಿನ ಮೇಲೆ ಕೈ ಹಾಕುವುದು. ಔಷಧಿ ಅಂಗಡಿಯವನು ಥಟ್ಟನೆ ತನ್ನ ಜೇಬು ಮುಟ್ಟಿ ನೋಡಿಕೊಂಡ. ವಕೀಲರೊಬ್ಬರು, "ನನಗೂ ನಿಮಗೂ ಪರಿಚಯವೇ?" ಎಂದು ಗುರಾಯಿಸಿದರು. ಮುದಿ ಮೇಷ್ಟರೊಬ್ಬರು ಮಾತ್ರ ಆ ಕೈಯನ್ನು ಹಾಗೇ ಹಿಡಿದುಕೊಂಡು ತಮ್ಮ ಮಂಡಿನೋವಿನ ಚರಿತ್ರೆಯನ್ನೆಲ್ಲ ಹೇಳಿದರು. ಹೆಗಲಲ್ಲಿ ಹತ್ತಿಯಲ್ಲದೆ ಬೇರೇನೂ ಇಲ್ಲವೆಂದು ಗೊತ್ತಾದ ಮೇಲೂ ದರ್ಜಿಗೆ ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಹೆಂಡತಿ ಹೋದ ಮೇಲೆ ಅವನು ಯಾರನ್ನಾದರೂ ಮುಟ್ಟಿದ್ದರೆ ಅದು ಟೇಪು ಹಿಡಿದುಕೊಂಡೇ.

ಹೀಗೆ ಹತ್ತು ದಿನ ಅಲೆದ ಮೇಲೆ ಬಸ್ ನಿಲ್ದಾಣದ ಟಿಕೆಟ್ ಗುಮಾಸ್ತನ ಹೆಗಲು ಕೈಗೆ ಗಟ್ಟಿಯಾಗಿ ತಾಗಿತು. ಒಂದು ಕಡೆ ಇಳಿಬಿದ್ದೂ ಇತ್ತು. ದರ್ಜಿ ನಿಜ ಹೇಳಿಬಿಟ್ಟ.

"ಅಯ್ಯೋ, ಹೊಲಿದವನಿಗೆ ಕೆಲಸ ಬರಲ್ಲ ಅಂತ ನಾನಂದ್ಕೊಂಡಿದ್ದೆ," ಎಂದ ಗುಮಾಸ್ತ. ಸಂಭಾವಿತ. ಅಂಗಡಿಗೇ ಬಂದು ಕೋಟು ಕಳಚಿ ಕೊಟ್ಟ. ಬಿಸ್ಕತ್ತು ಹೊರಬಂದಾಗ ದರ್ಜಿಗೆ ಹೋದ ಜೀವ ಬಂದಂತಾಯಿತು.

"ಇನ್ನು ಹೆಗಲು ನೆಟ್ಟಗೆ ಕೂರತ್ತೆ ಬಿಡಿ."

ಗುಮಾಸ್ತ ತಡವರಿಸಿದ. "ಅದರ ಬದಲು ಅಷ್ಟೇ ತೂಕದ್ದು ಇನ್ನೇನಾದರೂ ಹಾಕ್ತೀರಾ?"

"ಯಾಕೆ?"

"ಮೊದಲೆಲ್ಲ ನಾನು ಕೆಲಸಕ್ಕೆ ಹೊರಟರೆ ನಮ್ಮನೆಯವಳು ಒಳಗಿಂದಲೇ ಹೂಂ ಅಂತಿದ್ದಳು. ಈ ಕೋಟು ತಗೊಂಡ ಮೇಲೆ ದಿನಾ ಬಾಗಿಲಿಗೆ ಬಂದು, ಹೆಗಲು ಸರಿಮಾಡಿ ಕಳಿಸ್ತಾಳೆ."

ದರ್ಜಿ ಹೊಲಿಗೆ ಯಂತ್ರದ ಹಳೆಯ ಉಕ್ಕಿನ ಬಾಬಿನ್ ಕೇಸುಗಳನ್ನು ಅಷ್ಟೇ ತೂಕಕ್ಕೆ ಹತ್ತಿಯಲ್ಲಿ ಸುತ್ತಿ ಒಳಗಿಟ್ಟು, ಎಂದೂ ಬಿಚ್ಚದ ಹಾಗೆ ಜೋಡಿ ಹೊಲಿಗೆ ಹಾಕಿ ಕೊಟ್ಟ.

ಸಂಜೆ ಭಾಮೈದ ಬಂದು ಬಿಸ್ಕತ್ತನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. "ಸಿಕ್ಕಿತಲ್ಲ ಭಾವ, ಮತ್ಯಾಕೆ ಮುಖ ಸಪ್ಪಗಿದೆ?"

"ಅದಿರಲಿ ಮಾರಾಯ. ನನ್ನ ಹೆಗಲು ಸರಿಯಾಗಿದೆಯಾ ನೋಡು ಸ್ವಲ್ಪ."

ಭಾಮೈದ ತಲೆಯೆತ್ತಿ ಒಮ್ಮೆ ನೋಡಿದ. "ಎರಡೂ ನೆಟ್ಟಗೇ ಇವೆ. ನಿಮಗೇನಾಗಿದೆ ಧಾಡಿ?" ಎಂದವನೇ ಮತ್ತೆ ಚಿನ್ನ ನೋಡತೊಡಗಿದ.