ಶಾಲಿಗೆ ವಿಮೆಯಿಲ್ಲ

ಮಾನ ಹೋದರೂ ವಿಮೆ ಸಿಗುತ್ತದೆ ಎನ್ನುವುದು ಐವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಬೀದರಿನಲ್ಲಿ ನಾನೊಂದು ಲೋಕಲ್ ಚಾನೆಲ್ ನಡೆಸುತ್ತೇನೆ. ಚಾನೆಲ್ ಎಂದಕೂಡಲೇ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಎರಡು ಕ್ಯಾಮೆರಾ, ಒಂದು ಡ್ರೋನ್, ಮತ್ತೆ ಕ್ಯಾಮೆರಾಮನ್, ಸಂಕಲನಕಾರ, ಡ್ರೈವರ್ ಎಲ್ಲವೂ ಆಗಿರುವ ಕಯ್ಯೂಮ್. ವಿಮೆ ಏಜೆಂಟ್ ಪಾಟೀಲರು ಕ್ಯಾಮೆರಾಕ್ಕೆ, ಡ್ರೋನಿಗೆ ಪಾಲಿಸಿ ಮಾಡಿಸಿದ ಮೇಲೆ ದನಿ ತಗ್ಗಿಸಿ, "ನಿಮ್ಮ ಸುದ್ದಿಯಿಂದ ಯಾರದರ ಮಾನ ಹೋಗಿ ಕೋರ್ಟಿಗಿ ಹೋದ್ರಂದ್ರ, ಅದಕ್ಕೂ ಒಂದು ಅದರಿ" ಎಂದರು. ನಮ್ಮ ಸುದ್ದಿಯಲ್ಲಿ ಹುಟ್ಟುಹಬ್ಬ, ಅಡಿಗಲ್ಲು, ಸತ್ಕಾರ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊಗಳಿಸಿಕೊಂಡವರು ಯಾರೂ ಕೋರ್ಟಿಗೆ ಹೋದದ್ದಿಲ್ಲ. ಆದರೂ ಅಂಥ ಪಾಲಿಸಿ ಇಟ್ಟುಕೊಂಡವನು ಭಯಂಕರ ಪತ್ರಕರ್ತನಂತೆ ಕಾಣುತ್ತಾನೆ ಎನಿಸಿ ಸಹಿ ಹಾಕಿದೆ.

ನಮ್ಮ ಕಡೆ ಶಾಲು ಹೊದಿಸಿದರೆ ಅರ್ಧ ಸತ್ಕಾರ, ಟಿವಿಯಲ್ಲಿ ಬಂದರೆ ಪೂರ್ತಿ. ಭಾಲ್ಕಿಯಲ್ಲಿ ಒಮ್ಮೆ ರೈತರಿಗೆ ಸತ್ಕಾರ ನಡೆಯಿತು. ಭಾತಂಬ್ರಾದಲ್ಲಿರುವ ನನ್ನ ಹೆಂಡತಿಯ ಅಣ್ಣ ಶರಣಪ್ಪನವರಿಗೂ ಒಳ್ಳೆಯ ತೊಗರಿ ಬೆಳೆದದ್ದಕ್ಕೆ ಶಾಲು ಬಂತು. ಅವರು ಔರಾದಿನ ಬೀಗರವರೆಗೆ ಎಲ್ಲರಿಗೂ ಫೋನ್ ಮಾಡಿ ನಮ್ಮ ಸುದ್ದಿಯ ಮುಂದೆ ಕೂಡಿಸಿದರು. ಸುದ್ದಿಯಲ್ಲಿ ಎಲ್ಲರೂ ಬಂದರು, ಶರಣಪ್ಪನವರೊಬ್ಬರು ಬರಲಿಲ್ಲ.

ಬೆಳಗಾಗುತ್ತಲೇ ಫೋನ್ ಬಂತು. "ಅಳಿಯಾರ, ನಿಮ್ಮ ಟಿವಿಯೊಳಗ ಕಾಣದವ ನಿಮ್ಮ ಮಗಳ ಮದ್ವಿಯೊಳಗ ಯಾಕ ಕಾಣಬೇಕ್ರಿ?"

ಮದುವೆ ಮುಂದಿನ ವಾರವೇ ಇತ್ತು. ಸೋದರಮಾವ ಕೈಹಿಡಿದು ಕರೆತರದೆ ನಮ್ಮಲ್ಲಿ ಮದುಮಗಳು ಮಂಟಪಕ್ಕೆ ಬರುವುದಿಲ್ಲ. ಹೆಂಡತಿ ಮಾತು ಬಿಟ್ಟಳು. ಮಗಳು, "ಮಾಮಾ ಬರ್ಲಿಲ್ಲಂದ್ರ ನಾ ಕೂಡಂಗಿಲ್ಲ ಪಪ್ಪಾ" ಎಂದು ಅತ್ತಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕಯ್ಯೂಮನನ್ನು ಕೇಳಿದರೆ, "ಎಲ್ಲಾ ಶಾಲೂ ಒಂದೇ ನಮೂನಿ ಇದ್ವು ಸಾಬ್. ಸುದ್ದಿ ಭಾಳ ಲಂಬಾ ಆಯ್ತಂತ ಒಂದು ಕಟ್ ಮಾಡಿ ಅಳಿಸಿಬಿಟ್ಟೆ" ಎಂದ. ಪಾಟೀಲರಿಗೆ ಫೋನ್ ಹಚ್ಚಿದೆ.

"ತೋರಿಸಿ ಮಾನ ಕಳದ್ರ ಕಂಪನಿ ನೋಡ್ಕೊಂತದ್ರಿ" ಎಂದರು ಅವರು. "ತೋರಿಸ್ಲಾರದಕ್ಕ ಹೋದ ಮಾನಕ್ಕ ಪಾಲಿಸಿ ಕೊಟ್ರ, ನಮ್ಮ ಜಿಲ್ಲಾದಾಗ ಕಂಪನಿ ಒಂದು ವರ್ಷ ಬಾಳಂಗಿಲ್ಲ."

ಕೊನೆಗೆ ಕಯ್ಯೂಮನನ್ನು ಕಟ್ಟಿಕೊಂಡು ಭಾತಂಬ್ರಾಕ್ಕೆ ಹೋದೆ. ಅಂಗಳದಲ್ಲಿ ಬೆಂಚು ಹಾಕಿ, ಅದೇ ಶಾಲನ್ನು ನಾನೇ ಹೊದಿಸಿದೆ. "ಸ್ವಲ್ಪ ಬಗ್ಗರಿ ಅಳಿಯಾರ, ನಿಮ್ಮ ತಲಿ ಅಡ್ಡ ಬರ್ತದ" ಎಂದರು ಶರಣಪ್ಪನವರು. ಬಗ್ಗಿದೆ. ಇನ್ನೂ ಬಗ್ಗಬೇಕಂತೆ. ಹೆಣ್ಣು ಕೊಟ್ಟ ಮನೆಯ ಮುಂದೆ ನನ್ನ ಮದುವೆಯಲ್ಲೂ ನಾನು ಅಷ್ಟು ಬಗ್ಗಿರಲಿಲ್ಲ. ಸಂಜೆಯ ಸುದ್ದಿಯಲ್ಲಿ ಮೊದಲು ಅವರೇ ಬಂದರು, ಕೊನೆಗೂ ಅವರೇ ಬಂದರು.

ಮದುವೆಯ ದಿನ ಅವರು ನನ್ನ ಮಗಳ ಕೈಹಿಡಿದು ಮಂಟಪಕ್ಕೆ ಬಂದಾಗ ನನಗೆ ಕಣ್ಣು ತುಂಬಿ ಬಂತು. ಸಣ್ಣ ಮನುಷ್ಯರು, ಶಾಲಿನ ಹುಚ್ಚಿನವರು ಎಂದು ಅವರನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಪಶ್ಚಾತ್ತಾಪವೂ ಆಯಿತು. ಅಕ್ಷತೆ ಮುಗಿದ ಮೇಲೆ ಅವರು ಮೈಕ್ ಹಿಡಿದು, "ನಮ್ಮ ಅಳಿಯಾರು ದೊಡ್ಡ ಪತ್ರಕರ್ತರು" ಎಂದು ಸಾರಿ, ತುಂಬಿದ ಪೆಂಡಾಲಿನ ಮುಂದೆ ನನಗೊಂದು ಕೇಸರಿ ಶಾಲು ಹೊದಿಸಿದರು. ನಾನು ಹೊಟ್ಟೆ ಒಳಗೆಳೆದುಕೊಂಡು, ಕಯ್ಯೂಮನ ಕ್ಯಾಮೆರಾ ಎಲ್ಲಿದೆಯೆಂದು ನೋಡಿ ಆ ಕಡೆ ತಿರುಗಿ ನಿಂತೆ.

ಮರುದಿನ ಸುದ್ದಿಯಲ್ಲಿ ಬೀಗರು, ಗಣ್ಯರು, ಪಂಕ್ತಿಯ ಹೋಳಿಗೆ ಎಲ್ಲ ಬಂದವು. ನಾನು ಬರಲಿಲ್ಲ. "ಮಾಲಕರ ಸತ್ಕಾರ ಮಾಲಕರ ಟಿವಿಯೊಳಗೇ ಬಂದ್ರ ಚಲೋ ಕಾಣಂಗಿಲ್ಲ ಸಾಬ್" ಎಂದ ಕಯ್ಯೂಮ್. ಪತ್ರಿಕಾಧರ್ಮ ಎಂದರೆ ಇದೇ ಎಂದು ಅವನ ಬೆನ್ನು ತಟ್ಟಿ ಕಳಿಸಿದೆ.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಸುದ್ದಿಯನ್ನು ಮತ್ತೆ ಮೊದಲಿನಿಂದ ನೋಡಿದೆ. ಡ್ರೋನ್ ಮೇಲಿನಿಂದ ಹಾಯುವಾಗ ಪೆಂಡಾಲಿನ ಅಂಚಿನಲ್ಲಿ ಒಂದು ಬೋಳುತಲೆ, ಅದರ ಕೆಳಗೆ ಬೆರಳಗಲ ಕೇಸರಿ ಬಣ್ಣ ಕಂಡಿತು. ಅಲ್ಲಿಗೇ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ನೆಂಟರಿಷ್ಟರಿಗೆಲ್ಲ ಕಳಿಸಿದೆ. ಕೆಳಗೆ "ಇದು ನಾನು" ಎಂದು ಬರೆಯಬೇಕಾಯಿತು.