ಬಾಯ್ಲರಿಗೆ ಕುಂಕುಮ ಇಟ್ಟ ಎಂಜಿನಿಯರು

ಮೊದಲೇ ಹೇಳಿಬಿಡುತ್ತೇನೆ, ನಾನು ಬಿ.ಇ. ಮೆಕ್ಯಾನಿಕಲ್. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಮಾಡುತ್ತೇನೆ ಎನ್ನುವುದು ಬೇರೆ ಮಾತು. ಮನೆಯಲ್ಲಿ ಏನಾದರೂ ಕೆಟ್ಟರೆ ಸಾಕು, ನನ್ನೊಳಗಿನ ಮೆಕ್ಯಾನಿಕಲ್ಲು ಮೈಕೊಡವಿ ಏಳುತ್ತದೆ.

ಅಮೆರಿಕದ ಕೊಲಂಬಿಯಾ ಊರಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಗ್ಯಾಸ್ ಬಾಯ್ಲರ್ ಇದೆ. ನೀರು ಕಾಯಿಸಿ, ಕೋಣೆಕೋಣೆಗೂ ಕಳಿಸಿ, ಮನೆಯನ್ನು ಬೆಚ್ಚಗಿಡುವುದು ಅದರ ಕೆಲಸ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು. ಮೂರು ವರ್ಷದಿಂದ ಮಾಡಿಸಿರಲಿಲ್ಲ.

ಅವತ್ತು ಆಯುಧಪೂಜೆ. ಚಳಿ ಆಗಲೇ ಶುರುವಾಗಿತ್ತು. "ರೀ, ಟೆಕ್ನೀಷಿಯನ್‌ಗೆ ಫೋನ್ ಮಾಡಿದ್ರಾ?" ಎಂದಳು ನನ್ನ ಹೆಂಡತಿ ಸುಧಾ.

"ಎಂಜಿನಿಯರ್ ಮನೆಗೆ ಟೆಕ್ನೀಷಿಯನ್ನಾ? ಜನ ಏನಂದಾರು!"

"ನಮ್ಮನೇಲಿ ಬಾಯ್ಲರ್ ಇದೆ ಅನ್ನೋದೇ ಜನಕ್ಕೆ ಗೊತ್ತಿಲ್ಲ ರೀ."

ನಾನು ಕೆಳಗಿಳಿದು ಸ್ವಹಸ್ತದಿಂದ ಸರ್ವಿಸ್ ನೆರವೇರಿಸಿದೆ. ಧೂಳು ಹೊಡೆದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ಒಂದು ನಿಂಬೆಹಣ್ಣು ಇಟ್ಟೆ. ಬಾಯ್ಲರ್ ಮದುಮಗನ ಹಾಗೆ ಕಾಣುತ್ತಿತ್ತು! ಅಷ್ಟರಲ್ಲಿ ಗೋಡೆಯ ಜಾಲರಿಯಿಂದ ತಣ್ಣನೆ ಗಾಳಿ ಬೀಸಿತು. ಮನೆ ಬೆಚ್ಚಗೆ ಮಾಡುವ ಕೋಣೆಗೇ ಚಳಿಗಾಳಿ! ಎಂಥ ಅವೈಜ್ಞಾನಿಕ ವ್ಯವಸ್ಥೆ! ಹಳೇ ಬೆಡ್‌ಶೀಟ್ ಮಡಿಸಿ ಅದರೊಳಗೆ ತುರುಕಿದೆ. ಗಾಳಿ ನಿಂತಿತು. ಬಾಯ್ಲರ್ ಆನ್ ಮಾಡಿದೆ.

ಮಧ್ಯಾಹ್ನ ಸುಧಾ ಪುಳಿಯೋಗರೆಗೆ ಒಗ್ಗರಣೆ ಹಾಕುತ್ತಿದ್ದಾಗ ಅಲಾರಂ ಹೊಡೆದುಕೊಂಡಿತು. ಇದೇನೂ ಹೊಸದಲ್ಲ. ಇಲ್ಲಿ ನಮ್ಮ ಜನರ ಮನೆಗಳಲ್ಲಿ ಒಗ್ಗರಣೆ ಚಟಪಟ ಅಂದರೆ ಹೊಗೆ ಪತ್ತೆಹಚ್ಚುವ ಗೋಡೆಯ ಅಲಾರಂ ಕೂಗಲೇಬೇಕು, ಗಂಡನಾದವನು ಟವೆಲ್ ಬೀಸಲೇಬೇಕು.

ಬೀಸಿದೆ. ನಿಲ್ಲಲಿಲ್ಲ.

ಒಂಬತ್ತು ವರ್ಷದ ಮಗಳು ಅನ್ವಿ ಬೆರಳು ಮಡಿಸಿ ಎಣಿಸುತ್ತಿದ್ದಳು. "ಅಪ್ಪ, ಫೋರ್ ಬೀಪ್ಸ್. ಫೈರ್ ಅಂದ್ರೆ ತ್ರೀ. ಸ್ಕೂಲಲ್ಲಿ ಹೇಳಿದ್ರು. ಫೋರ್ ಈಸ್ ಡಿಫರೆಂಟ್."

"ಇಂಗು ಹಾಕಿದಾಳೆ ಪುಟ್ಟಿ ನಿಮ್ಮಮ್ಮ. ಇಂಗಿಗೆ ಒಂದು ಬೀಪ್ ಜಾಸ್ತಿ!" ಎಂದು ನಕ್ಕು, ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡೆ.

ಊಟವಾದ ಮೇಲೆ ನನಗೆ ತಲೆನೋವು. ಕಾಫಿ ಕುಡಿಯಲಿಲ್ಲವಲ್ಲ, ಅದಕ್ಕೆ ಅಂದುಕೊಂಡೆ. ಸುಧಾಗೂ ತಲೆನೋವು. ಹಬ್ಬದ ಕೆಲಸ, ಅದಕ್ಕೆ ಅಂದೆ. ಹಗಲು ಕಣ್ಣು ಮುಚ್ಚದ ಅನ್ವಿ ಸೋಫಾದ ಮೇಲೆ ಮಲಗಿಬಿಟ್ಟಿದ್ದಳು. ಪುಳಿಯೋಗರೆ ಕೆಲಸ ಮಾಡ್ತಿದೆ ಅಂದೆ. ನನ್ನ ಹತ್ತಿರ ಎಲ್ಲದಕ್ಕೂ ಕಾರಣವಿತ್ತು.

ಸುಧಾ ಅವಳನ್ನು ಎಬ್ಬಿಸಲು ಹೋದಳು. ಏಳಲಿಲ್ಲ. ಅಲ್ಲಾಡಿಸಿದಳು. ಅನ್ವಿ ಅರ್ಧ ಕಣ್ಣು ತೆರೆದು ವಾಂತಿ ಮಾಡಿದಳು. ಕತ್ತು ಮತ್ತೆ ವಾಲಿತು.

ಸುಧಾ ಗೋಡೆಯ ಮೇಲಿನ ಸತ್ತ ಅಲಾರಂ ನೋಡಿದಳು. ಆಮೇಲೆ ನನ್ನನ್ನು. "ನಾಲ್ಕು ಅಂದ್ಲಲ್ಲ ರೀ ಅವಳು!"

ಮಗಳನ್ನು ಎತ್ತಿಕೊಂಡು ಹೊರಗೆ ಓಡಿದೆವು. ಹುಲ್ಲಿನ ಮೇಲೆ ಕೂತು ಅವಳ ಕೆನ್ನೆ ತಟ್ಟುತ್ತಿದ್ದ ಆ ಕೆಲವು ನಿಮಿಷಗಳ ಬಗ್ಗೆ ತಮಾಷೆ ಮಾಡಲು ನನಗೆ ಇನ್ನೂ ಬಂದಿಲ್ಲ. ಸುಧಾ ಫೋನ್ ಮಾಡಿದ್ದಳು. ಆಂಬುಲೆನ್ಸ್, ಫೈರ್ ಎಂಜಿನ್ ಎರಡೂ ಬಂದವು, ಆಕ್ಸಿಜನ್ ಕೊಟ್ಟರು. ಕೊನೆಗೆ ಅನ್ವಿ, "ಅಪ್ಪ, ಚಳಿ" ಎಂದಳು. ಅಷ್ಟು ಚೆಂದದ ಕನ್ನಡ ನಾನು ಕೇಳಿಯೇ ಇಲ್ಲ.

ಫೈರ್‌ಮನ್ ಒಬ್ಬ ಬೇಸ್‌ಮೆಂಟಿನಿಂದ ನಮ್ಮ ಬೆಡ್‌ಶೀಟ್ ಹಿಡಿದು ಬಂದ. ಆ ಜಾಲರಿ ಬಾಯ್ಲರಿನ ಮೂಗಂತೆ. ಗಾಳಿಯಿಲ್ಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಅಲಾರಂ ನಾಲ್ಕು ಬೀಪ್ ಹೊಡೆದದ್ದು ಅದಕ್ಕೇ ಅಂತೆ. ಕಾಲೇಜಿನಲ್ಲಿ ಇದನ್ನೇ ಬರೆದು ನಾನು ಮಾರ್ಕ್ಸ್ ತೆಗೆದುಕೊಂಡಿದ್ದೆ!

"ಇದನ್ನ ತುರುಕಿದ್ದು ಯಾರು? ಆ ಹೂವು, ನಿಂಬೆಹಣ್ಣು... ಬಾಯ್ಲರ್‌ಗೆ ಬರ್ತ್‌ಡೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು ನೆಲ ನೋಡಿದೆ. ಸುಧಾ ಶಾಂತವಾಗಿ ಹೇಳಿದಳು: "ನನ್ನ ಗಂಡ ಎಂಜಿನಿಯರ್."

ಅವನು ಎಲ್ಲ ಅರ್ಥವಾಯಿತೆನ್ನುವಂತೆ ತಲೆಯಾಡಿಸಿದ.

ಬಾಯ್ಲರಿಗೆ ಟೆಕ್ನೀಷಿಯನ್ ಬಂದು ಹೋದ. ಅಲಾರಂ ಹೊಸದು ಬಂತು. ಜನವರಿಯ ಒಂದು ಬೆಳಿಗ್ಗೆ, ಸ್ನಾನ ಮುಗಿಸಿ ಪಂಚೆ ಸುತ್ತಿಕೊಳ್ಳುತ್ತಿದ್ದೆ. ಬೀಪ್! ತಿಂಡಿ ತಿನ್ನುತ್ತಿದ್ದ ಅನ್ವಿಯನ್ನು ಹೆಗಲಿಗೆ ಹಾಕಿಕೊಂಡು ಬರಿಮೈಯಲ್ಲಿ ಹಿಮದೊಳಕ್ಕೆ ಹಾರಿದೆ. ಹಿಮ ಎತ್ತುತ್ತಿದ್ದ ಪಕ್ಕದ ಮನೆಯವನು ಸಲಿಕೆ ಕೆಳಗೆ ಹಾಕಿ ನಿಂತುಬಿಟ್ಟ.

"ಅಪ್ಪ," ಹೆಗಲ ಮೇಲಿಂದ ಅನ್ವಿ ಹೇಳಿದಳು, "ದಟ್ ವಾಸ್ ಒನ್. ಒಂದು ಅಂದ್ರೆ ಬ್ಯಾಟರಿ ಚೇಂಜ್ ಮಾಡ್ಬೇಕು, ಅಷ್ಟೇ."

ಆದರೂ ಅವಳನ್ನು ಕೆಳಗಿಳಿಸಲಿಲ್ಲ. ಸುಧಾ ಹೊಸ ಬ್ಯಾಟರಿ ಹಿಡಿದು ಬಾಗಿಲಿಗೆ ಬಂದಳು.

"ಕೊಡು, ನಾನು ಹಾಕ್ತೀನಿ," ಎಂದೆ ಹಲ್ಲು ಕಟಕಟಿಸುತ್ತ.

"ನೀವು ಅವಳನ್ನ ಎತ್ತಿ ಹಿಡ್ಕೊಳಿ ಸಾಕು," ಎಂದಳು. "ಹಾಕೋದು ಅವಳು."